ದಾರಿ ತಪ್ಪಿದ ರಾಕೆಟ್ಟೂ ಪ್ರಜೆಯ ರಕ್ಷಣೆಯೂ

2010ನೆಯ ಇಸವಿ ಡಿಸೆಂಬರ್ 25ನೆಯ ತಾರೀಖಿನ ಸಾಯಂಕಾಲ ಶ್ರೀಹರಿಕೋಟೆಯಿಂದ ಮೇಲೆದ್ದ ಜಿ.ಎಸ್.ಎಲ್.ವಿ. ರಾಕೆಟ್ಟು ಒಂದು ನಿಮಿಷ ತುಂಬುವುದರೊಳಗಾಗಿಯೇ ಹಿಡಿತ ತಪ್ಪಿತು. ವಾಹನದ ಗಣಕಯಂತ್ರದಿಂದ ಕೆಳಗಿನ ಎಂಜಿನ್ನುಗಳಿಗೆ ಆಜ್ಞೆಗಳನ್ನು ಒಯ್ಯತಕ್ಕ ತಂತಿಗಳ ಕೂಡಿಕೆಗಳು ನಡುದಾರಿಯಲ್ಲಿ ಕಳಚಿಕೊಂಡದ್ದೇ ಇದಕ್ಕೆ ಕಾರಣವೆಂದು ಅನಂತರ ತಿಳಿದುಬಂತು. ಬೆಂಕಿಯೂ ಹೊಗೆಯೂ ಆಕಾಶವನ್ನು ತುಂಬಿ, ಚೂರುಗಳು ಬಂಗಾಳ ಉಪಸಾಗರಕ್ಕೆ ಉದುರಿದ್ದನ್ನು ದೇಶದ ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಕಂಡು ಮರುಗಿದರು. ಇಷ್ಟು ಕೋಟಿ ರೂಪಾಯಿ ಹೋಯಿತೆಂದೂ, ವಿಜ್ಞಾನಿಗಳ ಇಷ್ಟು ವರ್ಷಗಳ ಶ್ರಮ ನೀರುಪಾಲಾಯಿತೆಂದೂ ಎಲ್ಲೆಡೆ ಮಾತಾಯಿತು. ಈ ದುಃಖದ ನಡುವೆ ಒಂದು ಸಂಗತಿಯನ್ನು ಲಕ್ಷಿಸಿದವರು ವಿರಳ. ಆ ರಾಕೆಟ್ಟನ್ನು ನಾಶಗೊಳಿಸುವ ಆಜ್ಞೆ ಹೊರಟದ್ದು ನೆಲದಿಂದ. ನಮ್ಮ ಹಣದಿಂದ ನಮ್ಮವರು ಕಟ್ಟಿದ ವಾಹನವನ್ನು ನಮ್ಮವರೇ ತಿಳಿದು ತಿಳಿದು ಒಡೆಯಲು ಗುಂಡಿಯನ್ನೊತ್ತಿದರು. ಹಾಗೆ ಒತ್ತಿದ್ದು ಅವರ ಕರ್ತವ್ಯವಾಗಿತ್ತು.

ಅದಕ್ಕೆ ನಾಲ್ಕು ವರ್ಷ ಮುಂಚೆಯೂ ಇಂಥದೇ ಪ್ರಸಂಗ ಒದಗಿತ್ತು. 2006ರ ಜುಲೈ 10ರಂದು ಇನ್ಸಾಟ್-4ಸಿ ಎಂಬ ಉಪಗ್ರಹವನ್ನು ಹೊತ್ತು ಹೊರಟ ರಾಕೆಟ್ಟಿನ ನಾಲ್ಕು ಪಕ್ಕದ ಎಂಜಿನ್ನುಗಳಲ್ಲಿ ಒಂದು, ಇಂಧನವನ್ನು ಅಳೆದು ಕೊಡತಕ್ಕ ಸಣ್ಣದೊಂದು ಭಾಗದ ದೋಷದಿಂದ, ಏಳುತ್ತಿದ್ದಂತೆಯೇ ಬಲಗುಂದಿತು. ವಾಹನ ವಾಲಿತು, ನಿಮಿಷದ ಸುಮಾರಿಗೆ ಕಡಲಿನ ಮೇಲೆಯೇ ಅದರ ಕಥೆ ಮುಗಿಯಿತು. ಎರಡೂ ಪ್ರಸಂಗಗಳಲ್ಲಿ ಸೊತ್ತು ಹೋಯಿತು, ಜೀವ ಹೋಗಲಿಲ್ಲ. ನಾವು ಇಂದು ವಿಚಾರ ಮಾಡಲೆಳಸುವುದು ಈ ಎರಡನೆಯ ಮಾತನ್ನು ಕುರಿತು. ಜೀವ ಹೋಗದಂತೆ ನೋಡಿಕೊಳ್ಳುವವರು ಯಾರು? ಅವರು ಯಾರಿಗೆ ಉತ್ತರ ಹೇಳತಕ್ಕವರು?

ಇಂಗ್ಲಿಷಿನಲ್ಲಿ ರೇಂಜ್ ಸೇಫ್ಟಿ ಎಂದು ಕರೆಯುವ ಈ ಕಾರ್ಯವನ್ನು ನಾವು ಉಡಾವಣಾ ಕ್ಷೇತ್ರದ ರಕ್ಷಣೆ ಎನ್ನೋಣ. ಅದರ ವಿಧಾನ ಹೀಗಿದೆ. ರಾಕೆಟ್ಟು ಏರುತ್ತಿರುವ ಪ್ರತಿಯೊಂದು ಕ್ಷಣದಲ್ಲಿಯೂ, ಈಗಿಂದೀಗಲೇ ಎಂಜಿನ್ನು ನಿಂತರೆ ಅದು ಎಲ್ಲಿ ಬಿದ್ದೀತು ಎಂಬುದನ್ನು ರೇಡಾರ್ ಮೊದಲಾದ ಸಾಧನಗಳಿಂದ ಲೆಕ್ಕಹಾಕಿ, ಆ ಸ್ಥಳವನ್ನು ಭೂಪಟದ ಮೇಲೆ ಒಂದು ಬಿಂದುವಾಗಿ ತೋರಿಸುತ್ತಿರುತ್ತಾರೆ. ಊರುಗಳೂ ದ್ವೀಪಗಳೂ ಇರುವ ಕಡೆಗೆ ದಾಟಕೂಡದೆಂದು ಮೊದಲೇ ಎಳೆದ ಗೆರೆಗಳು ಅದೇ ಭೂಪಟದ ಮೇಲೆ ಇರುತ್ತವೆ. ಬಿಂದು ಗೆರೆಯನ್ನು ಮುಟ್ಟಹೊರಟಿತೆಂದರೆ ರಕ್ಷಣಾಧಿಕಾರಿ ಯಾರನ್ನೂ ಕೇಳಬೇಕಾದ್ದಿಲ್ಲ. ಅವನು ಕಳುಹಿಸಿದ ಸಂಕೇತವು ವಾಹನದಲ್ಲಿ ಮುಂಚೆಯೇ ಇಟ್ಟ ಸ್ಫೋಟಕವನ್ನು ಸಿಡಿಸಿ, ಇಂಧನದ ತೊಟ್ಟಿಗಳನ್ನು ಸೀಳಿಹಾಕುತ್ತದೆ. ಇಂಧನವು ನೆಲಕ್ಕೆ ಮುಟ್ಟಿ ಸಿಡಿಯುವ ಬದಲಾಗಿ ಆಕಾಶದಲ್ಲಿಯೇ ಚೆದರಿ ಉರಿದುಹೋಗಬೇಕೆಂಬುದು ಇದರ ಉದ್ದೇಶ. ಆಲೋಚಿಸಲು ದೊರೆಯುವ ಕಾಲ ಕೆಲವೇ ಸೆಕೆಂಡು.

ಈ ವ್ಯವಸ್ಥೆ ಯಾರೊಬ್ಬರ ಬುದ್ಧಿಯಿಂದಲೂ ಒಂದೇ ಸಲ ಹುಟ್ಟಿದ್ದಲ್ಲ. ಒಂದೊಂದು ನಿಯಮದ ಹಿಂದೆಯೂ ಒಂದೊಂದು ಅನರ್ಥವಿದೆ. 1947ರ ಮೇ 29ರಂದು ಅಮೇರಿಕೆಯ ನ್ಯೂ ಮೆಕ್ಸಿಕೋ ಪ್ರಾಂತದ ವೈಟ್ ಸ್ಯಾಂಡ್ಸ್ ಮೈದಾನದಿಂದ ಉತ್ತರಕ್ಕೆ ಹೋಗಬೇಕಾಗಿದ್ದ, ಜರ್ಮನರ ವಿ-2ನ್ನು ಮಾರ್ಪಡಿಸಿದ ರಾಕೆಟ್ಟೊಂದು ದಕ್ಷಿಣಕ್ಕೆ ತಿರುಗಿ, ಗಡಿಯನ್ನು ದಾಟಿ, ಮೆಕ್ಸಿಕೋ ದೇಶದ ಹ್ವಾರೆಸ್ ನಗರದ ಸ್ಮಶಾನದ ಸಮೀಪದಲ್ಲಿ ಬಿದ್ದು ದೊಡ್ಡ ಗುಂಡಿಯನ್ನು ತೋಡಿತು. ಬಿದ್ದದ್ದು ಸತ್ತವರ ನೆರೆಯಲ್ಲಾದದ್ದರಿಂದ ಬದುಕಿದ್ದವರಿಗೆ ಅಪಾಯವಾಗಲಿಲ್ಲ. 1960ರ ನವೆಂಬರ್ 30ರಂದು ಫ್ಲಾರಿಡಾದಿಂದ ಹೊರಟ ಮತ್ತೊಂದು ರಾಕೆಟ್ಟಿನ ಚೂರುಗಳು ಕ್ಯೂಬಾ ದ್ವೀಪದ ಮೇಲೆ ಬಿದ್ದು, ಒಂದು ಹಸು ಸತ್ತಿತೆಂದು ವರದಿಯಾಯಿತು. ಆ ಹಸುವಿನ ಸಾವು ಎರಡು ದೇಶಗಳ ನಡುವಣ ಜಗಳವಾಗಿ ಬೆಳೆಯಿತು. ಆ ದಶಕದ ಬಳಿಕ ಫ್ಲಾರಿಡಾದಿಂದ ದಕ್ಷಿಣದ ಧ್ರುವಮಾರ್ಗವಾಗಿ ರಾಕೆಟ್ಟುಗಳನ್ನು ಬಿಡುವುದೇ ನಿಂತುಹೋಗಿ, ಮತ್ತೆ ಆ ದಾರಿ ತೆರೆದದ್ದು 2020ರ ಆಗಸ್ಟಿನಲ್ಲಿ. ಹಸುವೊಂದಕ್ಕೆ ಇಷ್ಟು ದೀರ್ಘವಾದ ಪ್ರಾಯಶ್ಚಿತ್ತ ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಇರಲಾರದು!

ಗುಂಡಿಯನ್ನು ಒತ್ತುವವನ ಕಷ್ಟವನ್ನು ತಿಳಿಯಬೇಕಾದರೆ ಇನ್ನೆರಡು ಸಂಗತಿಗಳನ್ನು ನೋಡಬೇಕು. 1962ರ ಜುಲೈ 22ರಂದು ಶುಕ್ರಗ್ರಹದ ಕಡೆಗೆ ಮ್ಯಾರಿನರ್-1 ಎಂಬ ನೌಕೆಯನ್ನು ಹೊತ್ತು ಹೊರಟ ಅಮೇರಿಕೆಯ ರಾಕೆಟ್ಟು, ನಿರ್ದೇಶನದ ದೋಷದಿಂದ ಓಲಾಡತೊಡಗಿತು. ಗಣಿತದ ಸೂತ್ರವೊಂದನ್ನು ನಕಲು ಮಾಡುವಾಗ ಒಂದು ಸಣ್ಣ ಚಿಹ್ನೆ ಬಿಟ್ಟುಹೋಗಿತ್ತು. ಮೇಲಿನ ಹಂತವು ಬೇರ್ಪಟ್ಟು ನಾಶಾಜ್ಞೆಯು ಫಲಿಸದಂತಾಗಲು ಕೇವಲ 6 ಸೆಕೆಂಡುಗಳು ಉಳಿದಿದ್ದಾಗ ಅಧಿಕಾರಿ ಗುಂಡಿಯನ್ನೊತ್ತಿದನು. 1986ರ ಜನವರಿ 28ರ ಚಾಲೆಂಜರ್ ದುರಂತವಂತೂ ಜಗದ್ವಿದಿತ. ನೌಕೆಯು 73ನೆಯ ಸೆಕೆಂಡಿನಲ್ಲಿ ಒಡೆದು ಏಳು ಜನ ಯಾತ್ರಿಕರು ಮಡಿದ ಮೇಲೆಯೂ ಅದರ ಇಕ್ಕೆಲದ ಎರಡು ರಾಕೆಟ್ಟುಗಳು ತಮ್ಮ ಪಾಡಿಗೆ ತಾವು ಉರಿಯುತ್ತ ಆಕಾಶದಲ್ಲಿ ಅಲೆಯುತ್ತಿದ್ದವು. ಲೋಕವೆಲ್ಲ ದಿಗ್ಭ್ರಾಂತವಾಗಿ ನೋಡುತ್ತಿದ್ದ ಆ ಗಳಿಗೆಯಲ್ಲಿ, ಸುಮಾರು 37 ಸೆಕೆಂಡುಗಳ ಅನಂತರ, ಅಮೇರಿಕೆಯ ವಾಯುಸೇನೆಯ ಅಧಿಕಾರಿಯೊಬ್ಬನು ಅವೆರಡನ್ನೂ ನಾಶಗೊಳಿಸಿದನು. ಶೋಕಿಸುವುದಕ್ಕೆ ಅವನಿಗೆ ಅವಕಾಶವಿರಲಿಲ್ಲ. ತೀರದ ಜನವಸತಿ ಅವನ ಭೂಪಟದ ಮೇಲಿತ್ತು. ಇಲ್ಲಿ ಓದುಗರು ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ನೌಕೆ ನಾಸಾ ಸಂಸ್ಥೆಯದು. ಅದನ್ನು ಒಡೆಯುವ ಅಧಿಕಾರ ನಾಸಾ ಸಂಸ್ಥೆಯದಲ್ಲ, ವಾಯುಸೇನೆಯದು. ಕಟ್ಟಿದವರು ಒಬ್ಬರು, ಕಾಯುವವರು ಮತ್ತೊಬ್ಬರು.

ಈ ಭೇದವೇಕೆ ಅವಶ್ಯಕವೆಂದು ಕೇಳಿದರೆ ನಮ್ಮ ಹಳ್ಳಿಯ ಮುದುಕಿಯೂ ಉತ್ತರ ಹೇಳಿಯಾಳು. ಹೆತ್ತವರಿಗೆ ಹೆಗ್ಗಣ ಮುದ್ದು. ಹತ್ತು ವರ್ಷ ಬೆವರು ಸುರಿಸಿ ಯಂತ್ರವನ್ನು ಕಟ್ಟಿದವನಿಗೆ, ಅದು ವಾಲಿದರೂ ಇನ್ನೊಂದು ಕ್ಷಣದಲ್ಲಿ ತಾನೇ ನೆಟ್ಟಗಾದೀತೆಂಬ ಆಸೆ ಇದ್ದೇ ಇರುತ್ತದೆ. ಆ ಒಂದು ಕ್ಷಣದ ಆಸೆಗೆ ಬೆಲೆ ತೆರುವವನು ಅವನಲ್ಲ. ಕೆಳಗೆ ಗುಡಿಸಲಿನಲ್ಲಿ ಮಲಗಿರುವ, ರಾಕೆಟ್ಟಿನ ಹೆಸರನ್ನೇ ಕೇಳದ ಬಡವನು.

ಬೆಲೆ ತೆತ್ತವರ ಕಥೆಯೂ ಉಂಟು. 1996ರ ಫೆಬ್ರವರಿ 15ರಂದು ಚೀನದೇಶದ ಶೀಚಾಂಗ್ ಎಂಬ ಬೆಟ್ಟಗಳ ನಡುವಣ ಉಡಾವಣಾ ಕೇಂದ್ರದಿಂದ ಅಲ್ಲಿನ ಹೊಸ ರಾಕೆಟ್ಟು ಮೊದಲ ಬಾರಿಗೆ ಹೊರಟಿತು. ಗೋಪುರವನ್ನು ಬಿಡುತ್ತಲೇ ಅದು ಅಡ್ಡಡ್ಡವಾಗಿ ವಾಲಿ, ಸುಮಾರು 22 ಸೆಕೆಂಡುಗಳಲ್ಲಿ ಇಂಧನಭರಿತವಾಗಿಯೇ ಹಳ್ಳಿಯೊಂದರ ಬಳಿಯ ಗುಡ್ಡಕ್ಕೆ ಅಪ್ಪಳಿಸಿತು. ಸತ್ತವರು 6, ಗಾಯಗೊಂಡವರು 57 ಎಂದು ಚೀನ ಸರಕಾರ ಲೆಕ್ಕ ಕೊಟ್ಟಿತು. ಈ ಲೆಕ್ಕವನ್ನು ನಂಬದ ವಿದೇಶೀಯರು ಅಂದಿನಿಂದಲೂ ಇದ್ದಾರೆ. ಶತ್ರುವಿನ ಕಣ್ಣಿಗೆ ಬೀಳಬಾರದೆಂಬ ಯುದ್ಧಭೀತಿಯಿಂದ ಆ ದೇಶವು ತನ್ನ ಹಳೆಯ ಉಡಾವಣಾ ಕೇಂದ್ರಗಳನ್ನು ಒಳನಾಡಿನಲ್ಲಿ ಕಟ್ಟಿಕೊಂಡಿತ್ತು. ರಾಷ್ಟ್ರದ ರಕ್ಷಣೆಗಾಗಿ ಆರಿಸಿದ ಸ್ಥಳವೇ ರಾಷ್ಟ್ರದ ಪ್ರಜೆಗೆ ಮೃತ್ಯುವಾದದ್ದು ವಿಧಿಯ ಅಣಕ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಹೈನಾನ್ ದ್ವೀಪದ ಕಡಲ ದಂಡೆಯ ಹೊಸ ಕೇಂದ್ರದಿಂದ ಮೊದಲ ರಾಕೆಟ್ಟು ಎದ್ದದ್ದು 2016ರಲ್ಲಿ.

ರಶಿಯದ ಪದ್ಧತಿ ಬೇರೆ. 2013ರ ಜುಲೈ 2ರಂದು ಕಜಾಕಸ್ತಾನದ ಬೈಕನೂರಿನಿಂದ ಹೊರಟ ಪ್ರೋಟಾನ್ ರಾಕೆಟ್ಟಿನಲ್ಲಿ, ವಾಲಿಕೆಯನ್ನು ಅಳೆಯತಕ್ಕ ಮೂರು ಉಪಕರಣಗಳನ್ನು ತಲೆಕೆಳಗಾಗಿ ಕೂರಿಸಲಾಗಿತ್ತು. ವಾಹನವು ಬಲಕ್ಕೆ ವಾಲಿದರೆ ಯಂತ್ರಕ್ಕೆ ಎಡಕ್ಕೆ ವಾಲಿದಂತೆ ತೋರುವುದು, ಸರಿಪಡಿಸಹೋದಷ್ಟೂ ಕೆಡುವುದು. ಹೀಗೆ ಅರ್ಧ ನಿಮಿಷ ಹೊಯ್ದಾಡಿ, ವಿಷಮಯವಾದ ನೂರಾರು ಟನ್ನು ಇಂಧನದೊಡನೆ ಅದು ಉಡಾವಣಾ ಸ್ಥಳದಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿ ತಲೆಯೂರಿತು. ಎಂಜಿನ್ನನ್ನು ಏಕೆ ನಿಲ್ಲಿಸಲಿಲ್ಲ? ಮೊದಲ 40 ಸೆಕೆಂಡುಗಳ ಪರ್ಯಂತ ನಿಲ್ಲಿಸಲಾಗದಂತೆಯೇ ಆ ರಾಕೆಟ್ಟನ್ನು ಕಟ್ಟಲಾಗಿದೆ, ಏಕೆಂದರೆ ಬೆಲೆಬಾಳುವ ಉಡಾವಣಾ ವೇದಿಕೆಯ ಮೇಲೆ ಅದು ಬಿದ್ದು ವೇದಿಕೆ ಹಾಳಾಗಬಾರದು. ಸುತ್ತಲೂ ನಿರ್ಜನವಾದ ಹುಲ್ಲುಗಾವಲಿರುವ ದೇಶದಲ್ಲಿ ಈ ನ್ಯಾಯ ನಡೆದೀತು. ಭಾರತದಂತಹ ಜನಭರಿತ ದೇಶ ಅದನ್ನು ಅನುಕರಿಸುವಂತಿಲ್ಲ.

ರಕ್ಷಣೆಯ ಹೆಸರಿನಲ್ಲಿ ಅನ್ಯಾಯವಾದದ್ದೂ ಉಂಟೆಂಬುದನ್ನು ಮುಚ್ಚಿಡಬಾರದು. 1957ರ ಏಪ್ರಿಲಿನಲ್ಲಿ ಫ್ಲಾರಿಡಾದಿಂದ ಹೊರಟ ಥಾರ್ ಎಂಬ ಕ್ಷಿಪಣಿ ನೆಟ್ಟಗೆ ಕಡಲಿನ ಕಡೆಗೆ ಹೋಗುತ್ತಿತ್ತು. ಆದರೆ ಅಧಿಕಾರಿಯ ಮುಂದಿನ ಯಂತ್ರಕ್ಕೆ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರಿಂದ ಅವನಿಗೆ ಅದು ಊರಿನ ಕಡೆಗೆ ಬರುತ್ತಿರುವಂತೆ ಕಂಡಿತು. ನಿರ್ದೋಷಿಯಾದ ಕ್ಷಿಪಣಿಗೆ ಮರಣದಂಡನೆಯಾಯಿತು. ಅರುವತ್ತು ವರ್ಷ ಕಳೆದು, 2017ರ ಮೇ ತಿಂಗಳಲ್ಲಿ ನ್ಯೂಜಿಲೆಂಡಿನಿಂದ ಮೊದಲ ಬಾರಿಗೆ ಹೊರಟ ಎಲೆಕ್ಟ್ರಾನ್ ರಾಕೆಟ್ಟಿಗೂ ಇದೇ ಗತಿ. ನೆಲದ ಮೇಲಿನ ಉಪಕರಣವೊಂದನ್ನು ಸರಿಯಾಗಿ ಹೊಂದಿಸದೆ ಇದ್ದುದರಿಂದ ಸುದ್ದಿ ಬರುವುದು ನಿಂತಿತು; ಸುದ್ದಿಯಿಲ್ಲದ ರಾಕೆಟ್ಟನ್ನು ಮುಂದುವರಿಯಗೊಡಕೂಡದೆಂಬ ನಿಯಮದಂತೆ ಹಾರಾಟವನ್ನು ಕೊನೆಗೊಳಿಸಿದರು. ರಾಕೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಈ ಎರಡು ಪ್ರಸಂಗಗಳಲ್ಲಿ ಅಧಿಕಾರಿಗಳು ತಪ್ಪಿತಸ್ಥರೆಂದು ನಾವು ಹೇಳಲೊಲ್ಲೆವು. ತಮ್ಮ ಕಣ್ಣಿಗೆ ಕಂಡದ್ದನ್ನು ನಂಬಿ, ಸಂದೇಹದ ಫಲವನ್ನು ಯಂತ್ರಕ್ಕೆ ಕೊಡದೆ ಮನುಷ್ಯನಿಗೆ ಕೊಟ್ಟರು. ನ್ಯಾಯಾಲಯದಲ್ಲಿ ಸಂದೇಹದ ಫಲ ಆಪಾದಿತನಿಗೆ ಸಲ್ಲತಕ್ಕದ್ದು. ಉಡಾವಣಾ ಕ್ಷೇತ್ರದಲ್ಲಿ ಅದು ಕೆಳಗಿರುವ ಪ್ರಜೆಗೆ ಸಲ್ಲತಕ್ಕದ್ದು.

ಕೆಳಗಿರುವ ಪ್ರಜೆ ಎಂದಾಗ ನಮಗೆ ಮೊದಲು ನೆನಪಾಗುವವರು ಬೆಸ್ತರು. 2014ರ ಅಕ್ಟೋಬರ್ 27ರಂದು ಅಮೇರಿಕೆಯ ವರ್ಜೀನಿಯಾ ತೀರದ ವಾಲಪ್ಸ್ ದ್ವೀಪದಲ್ಲಿ ಆಂಟಾರೆಸ್ ಎಂಬ ರಾಕೆಟ್ಟು ಸಿದ್ಧವಾಗಿ ನಿಂತಿದ್ದಾಗ, ನಿಷೇಧಿತ ಸಮುದ್ರಭಾಗದೊಳಗೆ ಒಂದು ಹಾಯಿದೋಣಿ ಕಾಣಿಸಿಕೊಂಡಿತು. ಆ ಒಂದು ದೋಣಿಯ ಸಲುವಾಗಿ ಆ ದಿನದ ಉಡಾವಣೆಯನ್ನೇ ನಿಲ್ಲಿಸಿದರು. ಎಷ್ಟು ಜನ ಗೊಣಗಿದರೋ! ಮರುದಿನ ಸಂಜೆ ಅದೇ ರಾಕೆಟ್ಟು ಎದ್ದ ಸುಮಾರು 15 ಸೆಕೆಂಡುಗಳಲ್ಲಿ ಬುಡದಲ್ಲಿ ಸ್ಫೋಟಗೊಂಡು ಹಿಂದಕ್ಕೆ ಬೀಳತೊಡಗಿತು. ನೆಲ ಮುಟ್ಟುವ ಮುನ್ನವೇ ರಕ್ಷಣಾಧಿಕಾರಿ ನಾಶಾಜ್ಞೆಯನ್ನು ಕೊಟ್ಟಿದ್ದನು. ವೇದಿಕೆ ಹಾಳಾಯಿತು, ಸರಕು ಸುಟ್ಟಿತು, ಒಬ್ಬ ಮನುಷ್ಯನಿಗೂ ಗಾಯವಾಗಲಿಲ್ಲ. ಉಡಾವಣೆಯ ಉತ್ಸಾಹದಲ್ಲಿ ಒಂದು ದೋಣಿಗೆ ಕಾಯಲೊಲ್ಲದ ಅಧಿಕಾರಿ ಅಲ್ಲಿದ್ದಿದ್ದರೆ, ಇನ್ನೊಂದು ದಿನ ಇನ್ನಾವ ದೋಣಿಗೆ ಏನಾಗುತ್ತಿತ್ತೋ ಬಲ್ಲವರಾರು?

ನಮ್ಮ ದೇಶವು ಈ ವಿಷಯದಲ್ಲಿ ತಲೆ ತಗ್ಗಿಸಬೇಕಾದ ಸ್ಥಿತಿಯಲ್ಲಿಲ್ಲವೆಂಬುದನ್ನು ಸಂತೋಷದಿಂದ ಹೇಳುತ್ತೇವೆ. ಶ್ರೀಹರಿಕೋಟೆಯು ಪುಲಿಕಾಟ್ ಸರೋವರಕ್ಕೂ ಸಮುದ್ರಕ್ಕೂ ನಡುವೆ ಇರುವ ನೆಲ. ಅದರ ಪೂರ್ವಕ್ಕೆ ವಿಶಾಲವಾದ ಕಡಲು. ಅಲ್ಲಿಂದ ಧ್ರುವಕಕ್ಷೆಗೆ ಹೋಗತಕ್ಕ ಪಿ.ಎಸ್.ಎಲ್.ವಿ. ವಾಹನವು ನೆಟ್ಟಗೆ ದಕ್ಷಿಣಕ್ಕೆ ಹೋದರೆ ಸಿಂಹಳದ ಮೇಲೆ ಹಾಯಬೇಕಾಗುವುದು. ಆದುದರಿಂದ ಅದು ಮೊದಲು ಆಗ್ನೇಯಕ್ಕೆ ಹೋಗಿ ಅನಂತರ ತಿರುಗುತ್ತದೆ. ಈ ತಿರುವಿಗೆ ಇಂಧನ ವ್ಯಯವಾಗಿ, ಹೊರಬಲ್ಲ ಭಾರ ತಗ್ಗುತ್ತದೆ. ನೆರೆಯವನ ಸೂರಿನ ಮೇಲೆ ನಮ್ಮ ಚೂರು ಬೀಳಬಾರದೆಂದು ಭಾರತವು ಮೂರು ದಶಕಗಳಿಂದ ಮಾತಿಲ್ಲದೆ ತೆರುತ್ತ ಬಂದಿರುವ ಕಪ್ಪವಿದು. ದಕ್ಷಿಣಕ್ಕೆ ನೇರವಾಗಿ ಹಾರಿಸಬಹುದಾದ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಹೊಸ ಕೇಂದ್ರಕ್ಕೆ 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದದ್ದು ಮುಖ್ಯವಾಗಿ ಈ ಕಾರಣದಿಂದ.

ಸೋಲಿನ ಹೊಣೆಯನ್ನು ಹೊರುವುದರಲ್ಲಿಯೂ ನಮ್ಮಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. 1979ರ ಆಗಸ್ಟ್ 10ರಂದು ನಮ್ಮ ಮೊದಲ ಎಸ್.ಎಲ್.ವಿ.-3 ಕಡಲಿಗೆ ಬಿದ್ದಾಗ, ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರನ್ನು ಮುಂದೊಡ್ಡದೆ, ನಮ್ಮ ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸತೀಶ ಧವನರು ತಾವೇ ಪತ್ರಕರ್ತರ ಎದುರು ನಿಂತರು. ಮರುವರ್ಷ ಗೆದ್ದಾಗ ಕಲಾಂ ಅವರನ್ನು ಮುಂದೆ ಮಾಡಿದರು. ಶ್ರೀಹರಿಕೋಟೆಗೆ ಇಂದು ಅವರದೇ ಹೆಸರಿದೆ. ಆದರೆ ಸೋಲಿನ ಹೊಣೆ ಒಂದು, ರಕ್ಷಣೆಯ ಹೊಣೆ ಇನ್ನೊಂದು. ಮೊದಲನೆಯದನ್ನು ದೊಡ್ಡ ಮನಸ್ಸಿನ ಒಬ್ಬನು ಹೊರಬಹುದು. ಎರಡನೆಯದನ್ನು ಯಾರ ಮನಸ್ಸಿನ ದೊಡ್ಡತನಕ್ಕೂ ಬಿಡದೆ ಶಾಸನದಲ್ಲಿ ಬರೆದಿಡಬೇಕು.

ಇಲ್ಲಿಯೇ ನಮ್ಮ ಆತಂಕವಿರುವುದು. ನಮ್ಮಲ್ಲಿ ರಾಕೆಟ್ಟನ್ನು ಕಟ್ಟುವ ತಿರುವನಂತಪುರದ ಕೇಂದ್ರವೂ ಅದನ್ನು ಕಾಯುವ ಶ್ರೀಹರಿಕೋಟೆಯ ಕೇಂದ್ರವೂ ಒಂದೇ ಸಂಸ್ಥೆಯ ಎರಡು ಅಂಗಗಳು. ಖಾಸಗಿಯವರಿಗೆ ಅನುಮತಿ ಕೊಡಲೆಂದು 2020ರಲ್ಲಿ ಘೋಷಿತವಾದ ಇನ್‌ಸ್ಪೇಸ್ ಎಂಬ ಮಂಡಲಿಯೂ ಅದೇ ಬಾಹ್ಯಾಕಾಶ ಇಲಾಖೆಯ ಮನೆಯೊಳಗಿನದು. ಇದುವರೆಗೆ ಅಧಿಕಾರಿಗಳ ನಿಷ್ಠೆಯಿಂದ ಕೆಲಸ ಸಾಗಿತು. ಆದರೆ ಕಾಲ ಬದಲಾಗಿದೆ. 2022ರ ನವೆಂಬರಿನಲ್ಲಿ ಹೈದರಾಬಾದಿನ ಸ್ಕೈರೂಟ್ ಸಂಸ್ಥೆಯ ರಾಕೆಟ್ಟೂ, 2024ರ ಮೇ ತಿಂಗಳಲ್ಲಿ ಚೆನ್ನೈಯ ಅಗ್ನಿಕುಲ ಸಂಸ್ಥೆಯ ರಾಕೆಟ್ಟೂ ಶ್ರೀಹರಿಕೋಟೆಯಿಂದ ಹಾರಿದವು. ತರುಣರ ಈ ಸಾಹಸವನ್ನು ನಾವು ಮನಸಾರೆ ಅಭಿನಂದಿಸುತ್ತೇವೆ. ಆದರೂ ಸಾಲ ತಂದ ಬಂಡವಾಳಕ್ಕೆ ತಾಳ್ಮೆ ಕಡಿಮೆ. 2024ರ ಜೂನ್ 30ರಂದು ಚೀನದ ಹೆನಾನ್ ಪ್ರಾಂತದಲ್ಲಿ ಖಾಸಗಿ ಸಂಸ್ಥೆಯೊಂದು ರಾಕೆಟ್ಟನ್ನು ನೆಲಕ್ಕೆ ಬಿಗಿದು ಎಂಜಿನ್ನನ್ನು ಪರೀಕ್ಷಿಸುತ್ತಿರುವಾಗ ಅದು ಬಿಗಿಯನ್ನು ಕಿತ್ತುಕೊಂಡು ಹಾರಿ, ಬಳಿಯ ಬೆಟ್ಟಕ್ಕೆ ಬಿದ್ದಿತು. ಹಾರತಕ್ಕದ್ದೇ ಅಲ್ಲದ ದಿನ ಹಾರಿತು! ಅಮೇರಿಕೆಯಲ್ಲಿ 2023ರ ಏಪ್ರಿಲ್ 20ರಂದು ಸ್ಟಾರ್‌ಶಿಪ್ ಎಂಬ ಮಹಾ ರಾಕೆಟ್ಟಿಗೆ ನಾಶಾಜ್ಞೆ ಕೊಟ್ಟ ಮೇಲೆಯೂ ಅದು ಸುಮಾರು 40 ಸೆಕೆಂಡು ಪಲ್ಟಿ ಹೊಡೆಯುತ್ತಲೇ ಇತ್ತು. 2025ರ ಜನವರಿಯಲ್ಲಿ ಅದೇ ಜಾತಿಯ ಇನ್ನೊಂದರ ಉರಿಯುವ ಚೂರುಗಳು ಕೆರಿಬಿಯನ್ ದ್ವೀಪಗಳ ಮೇಲೆ ಸುರಿದು, ಪ್ರಯಾಣಿಕರ ವಿಮಾನಗಳು ದಾರಿ ಬದಲಿಸಬೇಕಾಯಿತು.

ಗುಂಡಿಯನ್ನೊತ್ತುವ ಕೆಲಸವನ್ನು ಈಗ ರಾಕೆಟ್ಟಿನೊಳಗಿನ ಗಣಕಯಂತ್ರಕ್ಕೇ ಒಪ್ಪಿಸುವ ಪದ್ಧತಿಯೂ ಬಂದಿದೆ. ಅಮೇರಿಕೆಯಲ್ಲಿ 2017ರಿಂದ ಇದು ರೂಢಿಗೆ ಬಂತು. ಯಂತ್ರಕ್ಕೆ ಹೆಗ್ಗಣವೂ ಮುದ್ದಲ್ಲ, ಹಂಸವೂ ಮುದ್ದಲ್ಲ, ಆದ್ದರಿಂದ ಇದು ಒಳ್ಳೆಯದೇ. ಆದರೆ ಯಾವ ಗೆರೆಯನ್ನು ದಾಟಿದರೆ ಒಡೆಯಬೇಕೆಂದು ಆ ಯಂತ್ರಕ್ಕೆ ಹೇಳಿಕೊಡುವವನು ಮನುಷ್ಯನೇ. ಆ ಮನುಷ್ಯನು ರಾಕೆಟ್ಟಿನ ಒಡೆಯನಿಂದ ಸಂಬಳ ಪಡೆಯುವವನಾಗಿರಕೂಡದು.

1972ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದರ ಪ್ರಕಾರ, ರಾಕೆಟ್ಟಿನಿಂದ ಅನ್ಯದೇಶದ ನೆಲದ ಮೇಲೆ ಆಗುವ ಹಾನಿಗೆ ಉಡಾಯಿಸಿದ ರಾಷ್ಟ್ರವೇ ಹೊಣೆ. ತಪ್ಪು ಯಾರದೆಂಬ ವಿಚಾರಣೆಯೂ ಬೇಕಾಗಿಲ್ಲ. ಭಾರತವೂ ಈ ಒಪ್ಪಂದಕ್ಕೆ ಸೇರಿದೆ. ಎಂದರೆ, ಲಾಭ ಸಂಸ್ಥೆಯದಾದರೂ ದಂಡ ಬೊಕ್ಕಸದ್ದು. ಇನ್ನು ಸ್ವದೇಶದ ಪ್ರಜೆಗೆ ಹಾನಿಯಾದರೆ ಈ ಒಪ್ಪಂದ ಅವನ ನೆರವಿಗೆ ಬಾರದು. ಸಿಂಹಳದ ರೈತನಿಗಿರುವ ಭರವಸೆ ನೆಲ್ಲೂರಿನ ರೈತನಿಗಿಲ್ಲ. 2017ರಲ್ಲಿ ನಮ್ಮ ಸರಕಾರ ಈ ವಿಷಯದ ಶಾಸನದ ಕರಡನ್ನು ಜನಾಭಿಪ್ರಾಯಕ್ಕಾಗಿ ಪ್ರಕಟಿಸಿತು. 2023ರಲ್ಲಿ ಬಾಹ್ಯಾಕಾಶ ನೀತಿಯನ್ನು ಘೋಷಿಸಿತು. ನೀತಿ ಬೇರೆ, ಶಾಸನ ಬೇರೆ. ನೀತಿಯನ್ನು ಹಿಡಿದು ಬೆಸ್ತನು ನ್ಯಾಯಾಲಯದ ಮೆಟ್ಟಿಲನ್ನೇರಲಾರನು.

ನಾವು ಕೇಳುವುದು ಹೆಚ್ಚಿನದೇನಲ್ಲ. ಉಡಾವಣಾ ಕ್ಷೇತ್ರದ ರಕ್ಷಣಾಧಿಕಾರಿಯು ರಾಕೆಟ್ಟು ಕಟ್ಟುವವರಿಗೂ ಅದನ್ನು ಮಾರುವವರಿಗೂ ಅಧೀನನಾಗಿರದೆ, ಪಾರ್ಲಿಮೆಂಟಿಗೆ ನೇರವಾಗಿ ವರದಿಯೊಪ್ಪಿಸತಕ್ಕ ಮಂಡಲಿಯೊಂದರ ಕೆಳಗೆ ಇರಲಿ. ನಾಶಾಜ್ಞೆ ಕೊಟ್ಟುದಕ್ಕಾಗಲಿ ಕೊಡದೆ ಇದ್ದುದಕ್ಕಾಗಲಿ ಅವನನ್ನು ವಿಚಾರಿಸುವ ಅಧಿಕಾರ ಆ ಮಂಡಲಿಯೊಂದಕ್ಕೇ ಇರಲಿ. ವಾಹನ ಏಕೆ ಸೋತಿತೆಂಬ ವರದಿಯನ್ನು ಪ್ರಕಟಿಸುವಂತೆಯೇ, ಚೂರುಗಳು ಎಲ್ಲೆಲ್ಲಿ ಬಿದ್ದವು, ಗೆರೆಗೆ ಎಷ್ಟು ಸಮೀಪಕ್ಕೆ ಬಂದಿದ್ದವು ಎಂಬ ವರದಿಯನ್ನೂ ಪ್ರತಿಯೊಂದು ಸೋಲಿನ ತರುವಾಯ ಪ್ರಕಟಿಸಲಿ. ಉಡಾವಣೆಯ ದಿನ ದೋಣಿಯನ್ನು ದಡದಲ್ಲಿಯೇ ಕಟ್ಟಿಹಾಕಬೇಕಾದ ಬೆಸ್ತನಿಗೆ ಆ ದಿನದ ಕೂಲಿಯನ್ನು ಉಡಾವಣೆಯ ವೆಚ್ಚದಲ್ಲಿಯೇ ಸೇರಿಸಿ ಕೊಡಲಿ. ಕೋಟಿಗಳ ಲೆಕ್ಕದಲ್ಲಿ ಅದು ಕಾಣುವಷ್ಟು ಮೊತ್ತವೂ ಆಗಲಾರದು. ಯಾವ ಯಾವ ಕಡಲಭಾಗಕ್ಕೆ ಯಾವಾಗ ಹೋಗಕೂಡದು, ಅಪಾಯವೇನು, ಹಾನಿಯಾದರೆ ಯಾರನ್ನು ಕೇಳಬೇಕು ಎಂಬುದನ್ನು ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಮುದ್ರಿಸಿ ಪುಲಿಕಾಟಿನ ದಂಡೆಯ ಕುಪ್ಪಗಳಲ್ಲಿಯೂ ಕುಲಶೇಖರಪಟ್ಟಣದ ಬೀದಿಗಳಲ್ಲಿಯೂ ಮನೆಮನೆಗೆ ಹಂಚುವುದಕ್ಕೆ ಶಾಸನವಾಗುವವರೆಗೂ ಕಾಯಬೇಕಾದ್ದಿಲ್ಲ. ಆ ಕೆಲಸವನ್ನು ಇಲಾಖೆಯವರು ನಾಳೆಯೇ ಆರಂಭಿಸಬಹುದು.